ಸಹಾಯ ಬೇಕು: 9 ವರ್ಷದ ಮಗಳಿಗೆ ಟೈಪ್ 1 ಶುಗರ್

ನಮಸ್ಕಾರ. ಒಂದು ತಿಂಗಳಿಂದ ಮಗಳಿಗೆ ಎಷ್ಟು ನೀರು ಕುಡಿದರೂ ಬಾಯಾರಿಕೆ. ರಾತ್ರಿ ಹಾಸಿಗೆ ಒದ್ದೆ. ಬಿಸಿಲು ಜಾಸ್ತಿ ಅಲ್ವಾ ಅಂತ ಸುಮ್ಮನಿದ್ದೆವು. ತೂಕ 4 ಕೆಜಿ ಇಳಿದ ಮೇಲೆ ಪರೀಕ್ಷೆ ಮಾಡಿಸಿದರೆ ಶುಗರ್ 412, ಮೂತ್ರದಲ್ಲಿ ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬು ಕರಗಿಸಿದಾಗ ಬರುವ ಅಂಶ)! ಆಸ್ಪತ್ರೆಯಲ್ಲಿ ಇನ್ಸುಲಿನ್ ಶುರು ಮಾಡಿದರು.

ದೇಹದ ರೋಗನಿರೋಧಕ ಶಕ್ತಿಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಹಾಳು ಮಾಡುತ್ತದೆಯಂತೆ. ಸಿಹಿ ತಿಂದು ಬಂದದ್ದಲ್ಲ. ಇದನ್ನು ನಮ್ಮ ಅತ್ತೆಗೆ ಹೇಗೆ ಹೇಳುವುದೋ! ಹಾಗಲಕಾಯಿ ರಸ ಕೊಟ್ಟು ಇಂಜೆಕ್ಷನ್ ಬಿಡಿಸು ಅನ್ನುತ್ತಾರೆ. ಅದಂತೂ ನಾನು ಮಾಡುವುದಿಲ್ಲ.

ಡಾಕ್ಟರು ಈಗ ಜಿಎಡಿ ಆಂಟಿಬಾಡಿ, ಸಿ-ಪೆಪ್ಟೈಡ್ ಅಂತ ಎರಡು ರಕ್ತ ಪರೀಕ್ಷೆ ಬರೆದುಕೊಟ್ಟಿದ್ದಾರೆ. ಮಾಡಿಸಿದವರು ಯಾರಾದರೂ ಇದ್ದೀರಾ? ಅದರಿಂದ ಏನು ತಿಳಿಯಿತು? 5 ವರ್ಷದ ಮಗನಿಗೂ ಮಾಡಿಸಬೇಕಾ? ಶಾಲೆಯಲ್ಲಿ ಮಧ್ಯಾಹ್ನದ ಇನ್ಸುಲಿನ್ ನಿಮ್ಮ ಮಕ್ಕಳಿಗೆ ಯಾರು ಕೊಡುತ್ತಾರೆ? ದಯವಿಟ್ಟು ತಿಳಿಸಿ.