ಜನರಲ್ ತಿಮ್ಮಯ್ಯನವರ ಮನೆತನ ಮತ್ತು ಸೇವಾವಿವರ

ಪ್ರಶ್ನೆ: ಜನರಲ್ ಕೆ. ಎಸ್. ತಿಮ್ಮಯ್ಯನವರ ಮನೆತನ ಹಾಗೂ ಸೇವೆಯ ವಿವರಗಳನ್ನು ಕಲೆಹಾಕುತ್ತಿದ್ದೇನೆ. ‘ತಿಮ್ಮಯ್ಯ’ ಎಂದು ಹುಡುಕಿದರೆ ಹತ್ತಾರು ಮಂದಿ ಸಿಗುತ್ತಾರೆ. ಎಲ್ಲಿಂದ ಆರಂಭಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಕೊಡವರಲ್ಲಿ ಒಕ್ಕದ (ತಂದೆಯ ಕಡೆಯ ಮನೆತನದ) ಹೆಸರೇ ಮೊದಲ ಗುರುತು. ಇನಿಷಿಯಲ್‌ನ ‘ಕೆ’ ಎಂದರೆ ಕೊಡಂದೇರ. ಆದರೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರೂ ಅದೇ ಒಕ್ಕದವರಾದ್ದರಿಂದ ಪೂರ್ಣ ಹೆಸರನ್ನೂ 1906ರ ಜನನವನ್ನೂ ತಾಳೆ ನೋಡಿ. ಮಡಿಕೇರಿಯಲ್ಲಿರುವ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’, ಬಹುಕಾಲ ಆರ್‌ಟಿಒ ಕಚೇರಿಯಾಗಿದ್ದು, ಈಗ ವಸ್ತುಸಂಗ್ರಹಾಲಯವಾಗಿದೆ. ಒಮ್ಮೆ ಹೋಗಿಬನ್ನಿ.

ಉತ್ತರ 2: ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೇನಾ ಅಕಾಡೆಮಿಯಲ್ಲಿ ತರಬೇತಿ ಪಡೆದು 1926ರಲ್ಲಿ ಅಧಿಕಾರಿಯಾದ ತಿಮ್ಮಯ್ಯನವರಂಥವರ ನೇಮಕಾತಿಗಳು ಬ್ರಿಟಿಷ್ ಸರ್ಕಾರದ ಪತ್ರಿಕೆಯಾದ ಲಂಡನ್ ಗೆಜೆಟ್‌ನಲ್ಲಿ ಅಚ್ಚಾಗಿವೆ, ಅಲ್ಲಿ ಹೆಸರಿನ ಕಾಗುಣಿತ ಬದಲಾಗಿರಬಹುದು. 1948ರಲ್ಲಿ ಕಾಶ್ಮೀರದ ಜೋಜಿಲಾ ಕಣಿವೆಮಾರ್ಗದ ಕಾಳಗ, 1957–61ರ ಭೂಸೇನೆಯ ದಂಡನಾಯಕತ್ವ, 1965ರಲ್ಲಿ ಸೈಪ್ರಸ್‌ನಲ್ಲಿ ನಿಧನ, ಇವು ಸುಲಭವಾಗಿ ಸಿಗುತ್ತವೆ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಕೃತಜ್ಞತೆಗಳು. ಕಾರ್ಯಪ್ಪನವರ ಎರಡು ಹಾಳೆಗಳು ನನ್ನ ಕಡತದಲ್ಲಿ ಆಗಲೇ ಸೇರಿಕೊಂಡಿದ್ದವು!