ಊರಿನ ಪಂದ್ಯಾಟಕ್ಕೆ ಎಲ್ಲರೂ ಬರಬೇಕಾದರೆ ಏನು ಮಾಡಿದಿರಿ?

ಬಂಟ್ವಾಳ ಕಡೆಯ ಯುವಕ ಮಂಡಲ ನಮ್ಮದು. ಫೆಬ್ರವರಿಯಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟ ಇಟ್ಟುಕೊಂಡಿದ್ದೇವೆ. ಮೊದಲೆಲ್ಲ ಬ್ಯಾರಿ ಮುಸ್ಲಿಮರು, ಕ್ರೈಸ್ತರು, ನಾವು ಒಟ್ಟಿಗೇ ಆಡುತ್ತಿದ್ದೆವು. ಈಗ ಕರೆದರೆ "ನೋಡುವ" ಅಂತಾರೆ, ಬರುವುದಿಲ್ಲ. ಅನುಭವ ಇದ್ದವರು ಹೇಳಿ.

— ನೀವು ಕರೆಯುವುದು ಪೋಸ್ಟರ್ ಅಚ್ಚಾದ ಮೇಲಾ? ನಮ್ಮ ತಪ್ಪೂ ಅದೇ ಆಗಿತ್ತು. ಒಂದು ವರ್ಷ ಗೊತ್ತಿಲ್ಲದೆ ರಂಜಾನಿನಲ್ಲೇ ಇಟ್ಟೆವು. ಮೊದಲ ಮ್ಯಾಚ್ ಸರಿಯಾಗಿ ಉಪವಾಸ ಬಿಡುವ ಹೊತ್ತಿಗೆ. ನಮ್ಮಲ್ಲಿ ಚೆಂಡು ಎತ್ತಿಕೊಡುವ ಲಿಫ್ಟರ್ ಹುಡುಗ ಗೆರೆಯ ಹೊರಗೆ ಖರ್ಜೂರ ಹಿಡಿದು ಬಾಂಗ್‌ಗೆ ಕಾಯುತ್ತಿದ್ದಾನೆ, ರೆಫ್ರಿ ಸೀಟಿ ಊದುತ್ತಲೇ ಇದ್ದಾನೆ. ಮರುವರ್ಷ ಅವನು ಬರಲಿಲ್ಲ. ರಂಜಾನ್ ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದೆ ಬರುತ್ತದೆ, ಹಳೆಯ ಕ್ಯಾಲೆಂಡರ್ ನಂಬಬೇಡಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲೇ 2021ರಿಂದ ಉಪವಾಸ ಬಿಡಲು ಆಟ ನಿಲ್ಲಿಸಿದ್ದುಂಟು, ನಮಗೆ ಹತ್ತು ನಿಮಿಷ ಏನು ಮಹಾ? ಈಗ ನಾವು ಮಸೀದಿ, ಇಗರ್ಜಿ, ದೈವದ ನೇಮದ ತಾರೀಕು ಮೂರನ್ನೂ ಕೇಳಿಯೇ ದಿನ ಇಡುವುದು. ಭಾನುವಾರ ಬಲಿಪೂಜೆ ಬಿಡುವವರೆಗೆ ಮ್ಯಾಚ್ ಇಲ್ಲ.

— ದಿನ ನೋಡಿದ್ದು ಸರಿ, ಆದರೆ ತಂಡವೇ ಧರ್ಮದ ಲೆಕ್ಕದಲ್ಲಾದರೆ? ಹಿಂದೆ ಬಾಂಬೆಯಲ್ಲಿ ಕ್ರಿಕೆಟ್ ತಂಡಗಳೇ ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್ ಅಂತ ಇದ್ದವು. 1937ರಿಂದ ಐದನೆಯದು, "ಉಳಿದವರು". ವಿಜಯ್ ಹಜಾರೆಯಂಥ ಆಟಗಾರ ಕ್ರೈಸ್ತ ಅಂತ ಆ "ಉಳಿದವರಲ್ಲಿ" ಆಡಬೇಕಾಯಿತು! ಗಾಂಧೀಜಿ 1940ರಲ್ಲೇ ಬೇಡವೆಂದಿದ್ದರು, 1946ಕ್ಕೆ ನಿಂತಿತು. ನಾವು ಆಟಗಾರರ ಹೆಸರನ್ನೇ ಚೀಟಿ ಹಾಕಿ ಎತ್ತುತ್ತೇವೆ. ಮೊದಲ ವರ್ಷ ಗೊಣಗಿದರು, ಒಬ್ಬ ಎಂಟ್ರಿ ಫೀಸನ್ನೂ ವಾಪಸ್ ಕೇಳಿದ. ಕೊಟ್ಟೆವು.

— ಹುಡುಗಿಯರ ತ್ರೋಬಾಲ್ ಇದ್ದರೆ ಸ್ಕಾರ್ಫ್, ಉದ್ದ ಪ್ಯಾಂಟ್ ನಡೆಯುತ್ತದೆ ಅಂತ ನಿಯಮದಲ್ಲೇ ಬರೆಯಿರಿ. ಆವತ್ತು ಅಂಗಳದಲ್ಲಿ ಚರ್ಚೆ ಬೇಡ. ಫುಟ್‌ಬಾಲಿನಲ್ಲಿ 2014ರಲ್ಲಿ, ಬಾಸ್ಕೆಟ್‌ಬಾಲಿನಲ್ಲಿ 2017ರಲ್ಲಿ ಒಪ್ಪಿದ್ದಾರೆ. ಪಿನ್ ಮಾತ್ರ ಬೇಡ, ಬಿದ್ದರೆ ಚುಚ್ಚುತ್ತದೆ.

— ಊಟದ ಬಗ್ಗೆ ಯಾರೂ ಹೇಳಲಿಲ್ಲ. ಕೋಳಿ ಸುಕ್ಕ ಮಾಡಿದರೆ ಕೊಯ್ದದ್ದು ಯಾರು ಅಂತ ಒಂದು ಕಡೆ, ಸೌಟು ಯಾವುದು ಅಂತ ಇನ್ನೊಂದು ಕಡೆ. ಗಂಜಿ, ಹುರುಳಿ ಚಟ್ನಿ, ಉಪ್ಪಿನಕಾಯಿ ಮಾಡಿ. ರಾತ್ರಿ ಎರಡಕ್ಕೆ ಎಲ್ಲರಿಗೂ ಅದೇ ರುಚಿ.

ಥ್ಯಾಂಕ್ಸ್ ಮಾರಾಯ್ರೆ. ಪೋಸ್ಟರ್ ಪ್ರೆಸ್ಸಿನಲ್ಲಿತ್ತು, ಈಗಷ್ಟೇ ಫೋನ್ ಮಾಡಿ ನಿಲ್ಲಿಸಿದೆ.