ಅಮ್ಮನಿಗೆ ವಾಲಿ ಬಿದ್ದ ಜಾಗ ನೋಡಬೇಕಂತೆ. ಮೆಟ್ಟಿಲು ಹತ್ತದೆ ಆಗುತ್ತದಾ?

ಕಟಪಾಡಿಯವಳು:

ಅಮ್ಮನಿಗೆ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಅಂದರೆ ಜೀವ. ಉಡುಪಿ ಸುತ್ತ ಎಲ್ಲಿ ವಾಲಿವಧೆ ಇದ್ದರೂ ಮುಂದಿನ ಸಾಲಲ್ಲಿ ಹಾಜರು. ಈಗ ಆ ಜಾಗವನ್ನೇ ನೋಡಬೇಕಂತೆ. ಹಂಪಿ, ಆನೆಗುಂದಿ ಕಡೆ ಅಂತ ಗೊತ್ತು. ಆದರೆ ಮೊಣಕಾಲು ನೋವು, ನಾಲ್ಕು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಾರೆ. ಯಾರನ್ನು ಕೇಳಿದರೂ ಅಂಜನಾದ್ರಿ ಅನ್ನುತ್ತಾರೆ. ಅದಕ್ಕೆ 575 ಮೆಟ್ಟಿಲು! ಎರಡು ದಿನ ರಜೆ ಇದೆ. ಹತ್ತದೆ ನೋಡುವಂಥದ್ದು ಏನಾದರೂ ಇದೆಯಾ? ಇಲ್ಲವಾದರೆ ಭೀಮ ಕುಂಭಾಸುರನನ್ನು ಕೊಂದ ಜಾಗ ಅಂತ ಹತ್ತಿರದ ಕುಂಭಾಶಿಗೇ ಕರೆದುಕೊಂಡು ಹೋಗುತ್ತೇನೆ.

ಬಲ್ಮಠದವ:

ಅಲ್ಲಿ ನಿಂಬಾಪುರದಲ್ಲಿ ವಾಲಿಯ ಚಿತೆಯ ಬೂದಿ ಅಂತ ಒಂದು ದಿಬ್ಬ ತೋರಿಸುತ್ತಾರೆ. ಅದು ನವಶಿಲಾಯುಗದ ದನಗಾಹಿಗಳು ಸೆಗಣಿ ರಾಶಿ ಸುಟ್ಟದ್ದು. ಬಳ್ಳಾರಿ, ರಾಯಚೂರು ಕಡೆ ಅಂಥ ಬೂದಿದಿಬ್ಬ ಎಷ್ಟೋ ಇವೆ. ನಮ್ಮ ಕದ್ರಿ ಗುಡ್ಡೆಯಲ್ಲೂ ಪಾಂಡವರ ಗುಹೆ ಇದೆ ಅಲ್ವಾ? ಪಾಂಡವರು ಮಲಗದ ಗುಹೆ ದೇಶದಲ್ಲೇ ಇಲ್ಲ. ಹೋಗಿ, ಬೇಡ ಅನ್ನುವುದಿಲ್ಲ. ವಿಜಯನಗರದ ಕೆತ್ತನೆ ನೋಡಲಿಕ್ಕೆ ಹೋಗಿ.

ಮೂಲ್ಕಿ ಮಾಸ್ಟ್ರು:

ಅಕ್ಕಾ, ಧಾರಾಳ ಹೋಗಿ ಮಾರಾಯ್ರೆ. ಅಂಜನಾದ್ರಿ ಬಿಟ್ಟುಬಿಡಿ. ಅದು ಹನುಮಂತ ಹುಟ್ಟಿದ ಜಾಗ ಅನ್ನುವುದು. ಅಮ್ಮನಿಗೆ ಬೇಕಾದ್ದು ವಾಲಿ ಬಿದ್ದದ್ದು. ಅದಕ್ಕೆ ಬೆಟ್ಟ ಹತ್ತಬೇಕಾಗಿಲ್ಲ.

ನಾನೂ ತಾಳಮದ್ದಳೆಯಲ್ಲಿ ಸ್ವಲ್ಪ ಅರ್ಥ ಹೇಳುವವನು, ಅಂದರೆ ಪಾತ್ರದ ಮಾತು ಆಡುವವನು. ಹೆಚ್ಚಾಗಿ ಸುಗ್ರೀವ. (ವಾಲಿ ನಮಗೆ ಯಾರು ಕೊಡುತ್ತಾರೆ!) ದುಂದುಭಿಯ ಹೆಣವನ್ನು ವಾಲಿ ಎತ್ತಿ ಎಸೆದ, ರಕ್ತ ಮತಂಗ ಮುನಿಯ ಆಶ್ರಮಕ್ಕೆ ಸಿಡಿಯಿತು, ಇತ್ತ ಕಾಲಿಟ್ಟರೆ ಸಾಯುತ್ತೀ ಅಂತ ಶಾಪವಾಯಿತು. ಅದೇ ಧೈರ್ಯದಲ್ಲಿ ಸುಗ್ರೀವ ಋಷ್ಯಮೂಕದಲ್ಲಿ ಅಡಗಿದ್ದು. ಪದ್ಯ ಕೇಳುವಾಗ ಕಿಷ್ಕಿಂಧೆ ಎಲ್ಲೋ ದೂರ ಅನಿಸುತ್ತದೆ. ಅಲ್ಲಿ ನಿಂತು ನೋಡಿ. ಮತಂಗ ಬೆಟ್ಟ, ಋಷ್ಯಮೂಕ, ಹೊಳೆಯಾಚೆ ಆನೆಗುಂದಿ, ಎಲ್ಲ ಕಣ್ಣಳತೆಯಲ್ಲೇ ಇದೆ. ಅಣ್ಣನ ಊರು ಎದುರಿಗೇ ಕಾಣುತ್ತದೆ, ಮಧ್ಯೆ ಕಾಯುವುದು ಒಂದು ಶಾಪ ಮಾತ್ರ. ಸುಗ್ರೀವನ ಹೆದರಿಕೆಯನ್ನು ಆಮೇಲೆ ನಾನು ಬೇರೆ ರೀತಿಯಲ್ಲೇ ಹೇಳತೊಡಗಿದೆ.

ಮೊದಲು ಆನೆಗುಂದಿಯ ಚಿಂತಾಮಣಿಗೆ ಹೋಗಿ. ತುಂಗಭದ್ರೆಯ ದಡ, ದೊಡ್ಡ ಬಂಡೆಗಳು. ರಾಮ ಬಾಣ ಬಿಟ್ಟದ್ದು ಇಲ್ಲಿಂದ ಅನ್ನುತ್ತಾರೆ. ವಾಲ್ಮೀಕಿಯಲ್ಲಿ ಮರದ ಮರೆ, ಇಲ್ಲಿ ಬಂಡೆಯ ಮರೆ. ಅಮ್ಮ ಖಂಡಿತ ಕೇಳುತ್ತಾರೆ, ಉತ್ತರ ತಯಾರಿಟ್ಟುಕೊಳ್ಳಿ. ಹೊಸಪೇಟೆಯಿಂದ ಬರುವಾಗ ಬುಕ್ಕಸಾಗರದ ಹತ್ತಿರದ ಸೇತುವೆಯಲ್ಲಿ ಕಾರೇ ಆಚೆ ದಡಕ್ಕೆ ಹೋಗುತ್ತದೆ. ಹರಿಗೋಲು ಹತ್ತಿಸುವುದು ಬೇಡ, ಇಳಿಯುವಾಗ ಕಷ್ಟ. ಪಂಪಾ ಸರೋವರವೂ ಅದೇ ಕಡೆ.

ಮರುದಿನ ಮಾಲ್ಯವಂತ. ಹೆಸರಿಗೆ ಬೆಟ್ಟ, ವಾಹನ ಮೇಲಿನವರೆಗೆ ಹೋಗುತ್ತದೆ. ವಾಲಿವಧೆ ಆದ ಮೇಲೆ ರಾಮ ಲಕ್ಷ್ಮಣರು ಮಳೆಗಾಲ ಕಳೆದದ್ದು ಇಲ್ಲಿ. ರಘುನಾಥ ಗುಡಿಯನ್ನು ಒಂದು ದೊಡ್ಡ ಬಂಡೆಗೆ ಸೇರಿಸಿಯೇ ಕಟ್ಟಿದ್ದಾರೆ. ಬಂಡೆ ಮಾಡು ದಾಟಿ ಮೇಲೆ ಬಂದಿದೆ, ಅದರ ತಲೆಯ ಮೇಲೆ ಶಿಖರ. ಒಳಗೆ ಅದೇ ಬಂಡೆಯಲ್ಲಿ ಕೂತ ರಾಮ ಸೀತೆ, ನಿಂತ ಲಕ್ಷ್ಮಣ, ಮಂಡಿಯೂರಿದ ಹನುಮಂತ. ಗುಡಿಯ ಹಿಂದೆ ಬಂಡೆ ಉದ್ದಕ್ಕೆ ಬಿರುಕು ಬಿಟ್ಟಿದೆ. ಲಕ್ಷ್ಮಣ ನೀರಿಗಾಗಿ ಬಾಣ ಹೊಡೆದದ್ದಂತೆ. ಬಿರುಕಿನ ಪಕ್ಕ ಸಾಲಾಗಿ ಲಿಂಗ, ನಂದಿ ಕೊರೆದಿದ್ದಾರೆ. ಆ ಸಾಲು ನನಗೆ ಬಹಳ ಇಷ್ಟ.

ನನಗೆ ನಗು ಬರುವುದು ಆ ಮಳೆಗಾಲದ ವಿಷಯಕ್ಕೆ. ಕಿಷ್ಕಿಂಧಾಕಾಂಡದಲ್ಲಿ ಮಳೆ ಬಿಡದೆ ಸುರಿಯುತ್ತದೆ. ನಮ್ಮ ಜುಲೈ ಒಂದರ ಮಳೆ ಹೊಸಪೇಟೆಗೆ ಇಡೀ ವರ್ಷಕ್ಕೂ ಬರಲಿಕ್ಕಿಲ್ಲ!

ಹಜಾರರಾಮ ಗುಡಿ ಬಿಡಬೇಡಿ. 15ನೇ ಶತಮಾನದ್ದು, ಗೋಡೆ ತುಂಬ ರಾಮಾಯಣ. ರಾಮ ಒಂದೇ ಬಾಣದಲ್ಲಿ ಏಳು ಮರ ತುಂಡು ಮಾಡುವುದನ್ನು ಹುಡುಕಿ ತೋರಿಸಿ.

ಬಲ್ಮಠದವರೇ, ಬೂದಿದಿಬ್ಬದ ಮಾತು ಸರಿ. ಆದರೆ ಕಥೆ ಗೊತ್ತಿದ್ದ ಊರಿನವರು ಅಷ್ಟು ಬೂದಿ ಕಂಡರೆ ವಾಲಿಯ ಚಿತೆ ಅನ್ನದೆ ಇನ್ನೇನು ಅನ್ನಬೇಕಿತ್ತು?

ಬಲ್ಮಠದವ:

ಅದು ಒಪ್ಪಿದೆ. ಆದರೆ ಹನುಮಂತನ ವಿಷಯ? 2021ರಲ್ಲಿ ತಿರುಮಲದವರು ನಮ್ಮಲ್ಲಿ ಹುಟ್ಟಿದ್ದು ಅಂದರು, ಗೋಕರ್ಣ ಅನ್ನುವವರೂ ಇದ್ದಾರೆ.

ಮೂಲ್ಕಿ ಮಾಸ್ಟ್ರು:

ಗೋಕರ್ಣದವರ ಕೈಯಲ್ಲಿ ಸುಂದರಕಾಂಡ ಇದೆ. ಅಪ್ಪ ಕೇಸರಿ ಮಾಲ್ಯವಂತದಿಂದ ಗೋಕರ್ಣಕ್ಕೆ ಹೋಗಿ ಶಂಬಸಾದನನನ್ನು ಕೊಂದ ಅಂತ ಹನುಮಂತನೇ ಸೀತೆಗೆ ಹೇಳುತ್ತಾನೆ. ಅಷ್ಟರಿಂದ ಹೆರಿಗೆ ಎಲ್ಲಿ ಆಯಿತು ಅಂತ ತೀರ್ಮಾನ ಮಾಡುವುದು ನನ್ನಿಂದಾಗದು. ನನಗೆ ಬೇಕಾದ್ದು ಬೇರೆ. ಆ ಕಾಡಿನಿಂದ ನಮ್ಮ ಕಡಲಿಗೆ ದಾರಿ ಇತ್ತು ಅಂತ ಕಥೆ ಹೇಳಿದವನಿಗೆ ಗೊತ್ತಿತ್ತಲ್ಲ!

ಕಟಪಾಡಿಯವಳು:

ಅಮ್ಮನಿಗೆ ಓದಿ ಹೇಳಿದೆ. ಮರವೋ ಬಂಡೆಯೋ, ಅಡಗಿ ಹೊಡೆದದ್ದು ಹೊಡೆದದ್ದೇ ಅಂದರು. ಡಿಸೆಂಬರಿನಲ್ಲಿ ಹೋದರೆ ಆಗಬಹುದಾ?

ಮೂಲ್ಕಿ ಮಾಸ್ಟ್ರು:

ಹವೆ ಒಳ್ಳೆಯದು. ಹನುಮಮಾಲೆ ವಿಸರ್ಜನೆಯ ದಿನ ಮಾತ್ರ ತಪ್ಪಿಸಿ. ಮಾಲೆ ಹಾಕಿದ ಭಕ್ತರೆಲ್ಲ ಅಂಜನಾದ್ರಿಗೆ ಬರುತ್ತಾರೆ, ಆನೆಗುಂದಿ ರಸ್ತೆಯಲ್ಲಿ ಕಾರು ಮುಂದೆ ಹೋಗುವುದಿಲ್ಲ. ಅಮ್ಮ ವಾಲಿ ಪಕ್ಷ ಅಂತ ಗೊತ್ತಾಯಿತು, ಸುಗ್ರೀವನ ನಮಸ್ಕಾರ ಹೇಳಿ.